ರಿಸಾಲ್ವ್‌ಕಾನ್ಫ್‌ಗೆ ಎಷ್ಟು ಮಂದಿ ಯಜಮಾನರು? ಬ್ಯಾಡಗಿಯ ದಲಾಲಿ ಅಂಗಡಿಯೊಂದರ ವಿಪಿಎನ್ ಪ್ರಕರಣ

ಸೋಮವಾರ, ಗುರುವಾರ ಬಂತೆಂದರೆ ಬೆಳಿಗ್ಗೆ ಹತ್ತು ದಾಟುವುದರೊಳಗೆ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವ ದಿನಗಳವು. ಆ ಕಡೆಯಿಂದ ಅಂಗಡಿಯ ಲೆಕ್ಕ ಬರೆಯುವ ಕಾಕಾ: “ಸರ, ಮತ್ತ ಬಂದ್ ಬಿದ್ದೈತ್ರಿ. ತೂಕ ಕಾಣವಲ್ದು.” ನಾನು ಹುಬ್ಬಳ್ಳಿಯ ನನ್ನ ಖೋಲಿಯಲ್ಲಿ ಕೂತು ಕ್ಲೌಡ್ ಮಷಿನ್ ಮೇಲಿನ ವಿಪಿಎನ್ (ದೂರದ ಕಂಪ್ಯೂಟರ್‌ಗಳನ್ನು ಇಂಟರ್‌ನೆಟ್ ಮೂಲಕ ಗುಟ್ಟಾಗಿ ಜೋಡಿಸುವ ಜಾಲ) ರೀಸ್ಟಾರ್ಟ್ ಮಾಡುತ್ತಿದ್ದೆ. ಕೂಡಲೇ ಸರಿಹೋಗುತ್ತಿತ್ತು. ಅರ್ಧ ತಾಸಿಗೆ ಮತ್ತೆ ಫೋನು.

ಮೂರನೆಯ ವಾರಕ್ಕೆ ಬೇಸತ್ತು, ರೀಸ್ಟಾರ್ಟ್ ಮಾಡುವ ಆಜ್ಞೆಗೆ ಒಂದು ಐಕಾನ್ ಮಾಡಿ ಕಾಕಾನ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಟ್ಟೆ. ಫೋನು ಬರುವುದು ನಿಂತಿತು. ನಾನು ಮುಂದಿನ ಎರಡು ವಾರ ಈ ವಿಷಯವನ್ನೇ ಮರೆತೆ. ನಾಚಿಕೆಯ ಮಾತು, ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಐಕಾನ್‌ಗಳು ನಮ್ಮ ಕಡೆಯ ಎಷ್ಟೋ ಅಂಗಡಿಗಳ ಕಂಪ್ಯೂಟರ್‌ಗಳಲ್ಲಿ ಇವೆ ಎಂದು ನನಗೆ ಗೊತ್ತು.

ಮೊದಲು ವ್ಯವಸ್ಥೆ ಹೇಗಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಸಾಹುಕಾರರಿಗೆ ಬ್ಯಾಡಗಿಯಲ್ಲಿ ಒಂದು ದಲಾಲಿ ಅಂಗಡಿ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಇನ್ನೊಂದು, ಗೋಕುಲ ರೋಡಿನಲ್ಲಿ ಲೆಕ್ಕದ ಆಫೀಸು. ಪ್ರತಿ ಅಂಗಡಿಯಲ್ಲೂ ತೂಕದ ಯಂತ್ರಕ್ಕೆ ಜೋಡಿಸಿದ ಒಂದೊಂದು ಕಂಪ್ಯೂಟರ್. ಬ್ಯಾಡಗಿಯದಕ್ಕೆ ಡಬ್ಬಿ ಎಂದು ಹೆಸರು, ಅಮರಗೋಳದ್ದಕ್ಕೆ ಕಡ್ಡಿ. ಎರಡೂ ಬ್ಯಾಡಗಿ ಮೆಣಸಿನಕಾಯಿಯ ತಳಿಗಳೇ. ಗೋಕುಲ ರೋಡಿನ ಆಫೀಸಿನ ಮೂಲೆಯಲ್ಲಿ ಸದಾ ಕಾದು ಕೂತಿರುತ್ತಿದ್ದ ಪುಟ್ಟ ಸರ್ವರಿಗೆ ಸಾಹುಕಾರರು ತಾವೇ ಗುಂಟೂರು ಎಂದು ಹೆಸರಿಟ್ಟಿದ್ದರು. ಬಿಲ್ಲು ಮಾಡುವ ಸಾಫ್ಟ್‌ವೇರ್ ಮಾತ್ರ ಮುಂಬೈ ರೀಜನ್ನಿನ ಒಂದು ಕ್ಲೌಡ್ ವರ್ಚುವಲ್ ಮಷಿನ್ ಮೇಲೆ, ಡೆಬಿಯನ್ 11 ರಲ್ಲಿ ಓಡುತ್ತಿತ್ತು. ಎಲ್ಲವನ್ನೂ ವೈರ್‌ಗಾರ್ಡ್ ಎಂಬ ವಿಪಿಎನ್ ಸಾಫ್ಟ್‌ವೇರ್ ಕಟ್ಟಿಹಾಕಿತ್ತು. ಗುಂಟೂರು ಅದರ ನಡುಗಂಬ. ಒಳಗಿನ ಹೆಸರುಗಳಿಗೆ ವಿಳಾಸ ಹೇಳುವ ಡಿಎನ್ಎಸ್ ಸರ್ವರ್ ಕೂಡ ಅದೇ. ಡಬ್ಬಿ ಎಲ್ಲಿದೆ ಎಂದು ಕ್ಲೌಡ್ ಮಷಿನ್ ತಿಳಿಯಬೇಕಾದರೆ ಟನೆಲ್, ಅಂದರೆ ವಿಪಿಎನ್ ತೆರೆದ ಗುಪ್ತ ದಾರಿ, ದಾಟಿ ಗುಂಟೂರನ್ನು ಕೇಳಬೇಕು. ಯಾವ ಡಿಎನ್ಎಸ್ ಸರ್ವರನ್ನು ಕೇಳಬೇಕು ಎಂದು ಬರೆದಿರುವ ಫೈಲೇ ರಿಸಾಲ್ವ್‌ಕಾನ್ಫ್.

ಎರಡು ವರ್ಷ ಇದು ಸರಿಯಾಗಿಯೇ ನಡೆದಿತ್ತು. ತೂಕ ತರಿಸಿಕೊಳ್ಳುವ ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಬದಲಾದ ಮೇಲೆ ಕಾಟ ಶುರುವಾಯಿತು. ಹಳೆಯದು ವಿಪಿಎನ್ ಎದ್ದಾಗ ಒಮ್ಮೆ ಡಬ್ಬಿಯ ಹೆಸರು ಕೇಳಿ ಸಂಪರ್ಕ ಹಿಡಿದರೆ ಆಮೇಲೆ ಬಿಡುತ್ತಿರಲಿಲ್ಲ. ಹೊಸದು ಪ್ರತಿ ಲಾಟಿಗೂ (ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳ ಗುಂಪು) ಹೊಸ ಸಂಪರ್ಕ ತೆರೆಯುತ್ತದೆ, ಪ್ರತಿ ಸಲವೂ ಹೆಸರು ಕೇಳುತ್ತದೆ. ಅಂದರೆ ತೊಂದರೆ ಎರಡು ವರ್ಷದಿಂದಲೂ ಇತ್ತು, ಅದರ ಮೇಲೆ ಯಾರೂ ಕಾಲಿಟ್ಟಿರಲಿಲ್ಲ.

ಕಾಕಾನ ನೋಟ್‌ಬುಕ್

ಸುಳಿವು ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ಒಂದು ಗುರುವಾರ ಬೇರೆ ಕೆಲಸಕ್ಕೆ ಬ್ಯಾಡಗಿಗೆ ಹೋದಾಗ ಅಂಗಡಿಗೆ ತಲೆಹಾಕಿದೆ. ಹೊರಗೆ ಕೆಂಪು ಚೀಲಗಳ ಸಾಲು. ಒಳಗೆ ಹೆಜ್ಜೆ ಇಟ್ಟ ಕೂಡಲೇ ಆರು ಸೀನು. ಬ್ಯಾಡಗಿ ಕಾಯಿ ಖಾರ ಕಡಿಮೆ, ಬಣ್ಣವೇ ಹೆಚ್ಚು ಎನ್ನುತ್ತಾರೆ, ಮೂಗು ಮಾತ್ರ ಅದನ್ನು ಒಪ್ಪುವುದಿಲ್ಲ. ಕಾಕಾ ಕಿಸೆಯಿಂದ ಪುಟ್ಟ ನೋಟ್‌ಬುಕ್ ತೆಗೆದರು. ಐಕಾನ್ ಒತ್ತಿದ ಹೊತ್ತನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದರು. “ನಾಳೆ ಸಾಹುಕಾರ್ರು ಕೇಳಿದ್ರ ಲೆಕ್ಕ ಬೇಕಲ್ರಿ?” ಆ ದಿನದ ಪುಟದಲ್ಲಿದ್ದದ್ದು: 10.05, 10.33, 11.01, 11.27.

ಇಷ್ಟು ಒಪ್ಪವಾಗಿ ಬರುವ ತೊಂದರೆ ನೆಟ್‌ವರ್ಕಿನದಾಗಿರಲಾರದು. ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಕ್ಲೌಡ್ ಮಷಿನ್ನಿನ ಲಾಗ್ ನೋಡಿದೆ. 10:04:10 ಕ್ಕೆ ಡಿಎಚ್‌ಕ್ಲೈಂಟ್ (ಮಷಿನ್ನಿಗೆ ನೆಟ್‌ವರ್ಕ್ ವಿಳಾಸ ಕೇಳಿ ತರುವ ಪ್ರೋಗ್ರಾಮು) ತನ್ನ ವಿಳಾಸದ ಲೀಸ್, ಅಂದರೆ ಬಾಡಿಗೆಯ ಅವಧಿ, ನವೀಕರಿಸಿಕೊಂಡು, ಮುಂದಿನ ನವೀಕರಣ 1642 ಸೆಕೆಂಡಿಗೆ ಎಂದು ಬರೆದಿತ್ತು. ಅಂದರೆ 27 ನಿಮಿಷ 22 ಸೆಕೆಂಡು. ಸರಿಯಾಗಿ 10:31:32 ಕ್ಕೆ ಮತ್ತೊಮ್ಮೆ. ಆಮೇಲೆ 11:00:11, 11:25:17. ಪ್ರತಿಯೊಂದರ ಬೆನ್ನಿಗೇ, ನಿಮಿಷ ಎರಡು ನಿಮಿಷದಲ್ಲಿ, ಕಾಕಾನ ಒಂದು ಬರಹ.

ಆ ಮಷಿನ್ನಿಗೆ ಸಿಗುತ್ತಿದ್ದದ್ದು ಒಂದು ತಾಸಿನ ಲೀಸ್. ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಪದ್ಧತಿಯ ನಿಯಮದಂತೆ ಅರ್ಧ ಅವಧಿ ಕಳೆಯುವ ಹೊತ್ತಿಗೆ ನವೀಕರಣ ನಡೆಯುತ್ತದೆ. ಎಲ್ಲ ಮಷಿನ್‌ಗಳೂ ಒಟ್ಟಿಗೆ ಬಾಗಿಲು ಬಡಿಯದಿರಲೆಂದು ಡಿಎಚ್‌ಕ್ಲೈಂಟ್ ಅದಕ್ಕಿಂತ ಸ್ವಲ್ಪ ಮುಂಚೆಯೇ, ಪ್ರತಿ ಸಲ ಬೇರೆ ಬೇರೆ ಹೊತ್ತಿಗೆ, ನವೀಕರಿಸುತ್ತದೆ. ನವೀಕರಣದ ಜೊತೆಗೆ ಅದು ಇನ್ನೊಂದು ಕೆಲಸವನ್ನೂ ಮುಗಿಸುತ್ತದೆ: ಇಟಿಸಿ ಫೋಲ್ಡರಿನ ರಿಸಾಲ್ವ್‌ಕಾನ್ಫ್ ಫೈಲನ್ನು ಹೊಸದಾಗಿ ಬರೆದು, ಕ್ಲೌಡ್ ಕಂಪನಿಯ ಡಿಎನ್ಎಸ್ ವಿಳಾಸ ಹಾಕಿಬಿಡುತ್ತದೆ. ಆ ಫೈಲಿನಲ್ಲಿ ಗುಂಟೂರಿನ ವಿಳಾಸ ಇರಬೇಕಿತ್ತು. ವಿಪಿಎನ್ ಏಳುವಾಗ ಒಮ್ಮೆ ಅದನ್ನು ಬರೆಯುತ್ತಿತ್ತು, 27 ನಿಮಿಷಕ್ಕೆ ಡಿಎಚ್‌ಕ್ಲೈಂಟ್ ಒರೆಸಿಹಾಕುತ್ತಿತ್ತು. ಕಾಕಾ ಐಕಾನ್ ಒತ್ತಿದಾಗ ವಿಪಿಎನ್ ಮತ್ತೆ ಬರೆಯುತ್ತಿತ್ತು.

ಇಲ್ಲಿ ಡಿಎಚ್‌ಕ್ಲೈಂಟ್ ತಪ್ಪು ಮಾಡಿಲ್ಲ. ಅದರ ಕೆಲಸವೇ ಅದು. ತಪ್ಪು ಯಾರದೆಂದು ಹುಡುಕುತ್ತ ವೈರ್‌ಗಾರ್ಡ್ ಸೆಟ್ಟಿಂಗ್ ಫೈಲ್ ತೆರೆದೆ. ಟನೆಲ್ ಎದ್ದ ಮೇಲೆ ಓಡಬೇಕಾದ ಆಜ್ಞೆಯ ಜಾಗದಲ್ಲಿ, ರಿಸಾಲ್ವ್‌ಕಾನ್ಫ್ ಮೇಲೆ ನೇರವಾಗಿ ಎಕೋ ಹೊಡೆಯುವ, ಅಂದರೆ ಕೊಟ್ಟ ಮಾತನ್ನು ಫೈಲಿಗೆ ಬರೆದುಹಾಕುವ, ಒಂದು ಸಾಲು. ಬರೆದವನು ನಾನೇ. ನೆನಪೂ ಬಂತು: ವೈರ್‌ಗಾರ್ಡಿನದೇ ಡಿಎನ್ಎಸ್ ಸಾಲು ಹಾಕಿದರೆ ರಿಸಾಲ್ವ್‌ಕಾನ್ಫ್ ಎಂಬ ಆಜ್ಞೆ (ಫೈಲಲ್ಲ, ಅದೇ ಹೆಸರಿನ ಬೇರೆ ಪ್ರೋಗ್ರಾಮು) ಸಿಗುತ್ತಿಲ್ಲವೆಂದು ಟನೆಲ್ ಎಬ್ಬಿಸುವ ಡಬ್ಲ್ಯುಜಿ-ಕ್ವಿಕ್ ಹಟ ಹಿಡಿದಿತ್ತು. ಅದೇ ಹೆಸರಿನ ಪ್ಯಾಕೇಜ್ ಹಾಕುವಷ್ಟು ತಾಳ್ಮೆ ಅಂದು ನನಗಿರಲಿಲ್ಲ, ಎಕೋ ಹೊಡೆದು ಚಹಾ ಕುಡಿಯಲು ಹೋಗಿದ್ದೆ.

ಎರಡನೆಯ ನೇಮ್‌ಸರ್ವರ್ (ಡಿಎನ್ಎಸ್ ಸರ್ವರ್) ಎಂಬ ಮೋಸ

ರೋಗ ಗೊತ್ತಾದ ಮೇಲೂ ನಾನು ಮಾಡಿದ್ದು ಅಡ್ಡದಾರಿಯ ಔಷಧವನ್ನೇ. ಫೈಲಿಗೆ ಚ್ಯಾಟ್ರ್ ಆಜ್ಞೆಯಿಂದ ಬೀಗ ಹಾಕಿದೆ, ಎಲ್ಲ ಅಧಿಕಾರ ಇರುವ ರೂಟ್ ಖಾತೆ ಕೂಡ ಬದಲಿಸಲಾಗದಂತೆ. ಎಕೋ ಸಾಲನ್ನೂ ತೆಗೆದೆ, ಇಲ್ಲದಿದ್ದರೆ ಬೀಗದ ಮೇಲೆ ಬರೆಯಲು ಹೋಗಿ ಅದು ಸೋತು, ಟನೆಲನ್ನೇ ಕೆಳಗಿಳಿಸುತ್ತಿತ್ತು.

ಆಗ ಸಾಹುಕಾರರ ಅಳಿಯ ಅಲ್ಲಿದ್ದ. ತಂಗಿಯ ಮಗ, ಇಂಜಿನಿಯರಿಂಗ್ ಓದುವ ಹುಡುಗ, ಚುರುಕು. “ಸರ, ಗುಂಟೂರು ಬಿದ್ರ ಎಲ್ಲಾ ಬಂದ್ ಆಗ್ತೈತಲ್ರಿ? ಎರಡ್ನೇದು ಗೂಗಲ್ ಹಾಕಿಡ್ರಿ.” ಮಾತು ಸರಿ ಎನ್ನಿಸಿತು. ಗುಂಟೂರಿನ ಕೆಳಗೆ ಗೂಗಲ್ಲಿನ ಡಿಎನ್ಎಸ್ ವಿಳಾಸ 8.8.8.8 ಸೇರಿಸಿದೆವು. ಅವನು ಎಲ್ಲೋ ಓದಿಕೊಂಡು, ಭಾರ ಹಂಚಿಹೋಗಲಿ ಎಂದು ರೊಟೇಟ್ ಎಂಬ ಆಯ್ಕೆಯನ್ನೂ ಹಾಕಿದ. ಆಮೇಲೆ ಬೀಗ.

ಮುಂದಿನ ಸೋಮವಾರ 27 ನಿಮಿಷದ ತಾಳ ಹೋಗಿತ್ತು. ಅದರ ಜಾಗಕ್ಕೆ ತಾಳವೇ ಇಲ್ಲದ ಕಾಟ ಬಂತು. ಒಂದು ಲಾಟಿನ ತೂಕ ಬರುತ್ತದೆ, ಮುಂದಿನದು ಬರುವುದಿಲ್ಲ, ಅದರ ಮುಂದಿನ ಎರಡು ಬರುತ್ತವೆ. ಕಾಕಾನ ನೋಟ್‌ಬುಕ್‌ನಿಂದಲೂ ಏನೂ ಹೊಳೆಯಲಿಲ್ಲ. ನಾನು ಡಿಗ್ ಎಂಬ ಡಿಎನ್ಎಸ್ ಪರೀಕ್ಷೆಯ ಆಜ್ಞೆ ಹಾಕಿ ಡಬ್ಬಿಯ ಹೆಸರು ಕೇಳಿದರೆ ಪ್ರತಿ ಬಾರಿಯೂ ಸರಿಯಾದ ಉತ್ತರ. ಸಾಫ್ಟ್‌ವೇರ್ ಕೇಳಿದರೆ ಮಾತ್ರ ಒಮ್ಮೆ ಉಂಟು, ಒಮ್ಮೆ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅನುಭವ ಇರುವವರೂ ಎಡವುವ ಜಾಗ ಇದು. ರಿಸಾಲ್ವ್‌ಕಾನ್ಫ್ ಫೈಲಿನ ಎರಡನೆಯ ನೇಮ್‌ಸರ್ವರನ್ನು ನಾವು ಸ್ಟೆಪ್ನಿ ಟೈರ್ ಎಂದುಕೊಳ್ಳುತ್ತೇವೆ. ಅದು ಸ್ಟೆಪ್ನಿ ಹೌದು, ಆದರೆ ಒಂದೇ ಬಗೆಯ ಪಂಕ್ಚರಿಗೆ. ಸಾಫ್ಟ್‌ವೇರ್‌ಗಳ ಪರವಾಗಿ ಹೆಸರು ಕೇಳುವ ಲಿನಕ್ಸಿನ ಜಿಲಿಬ್‌ಸಿ ಈ ಫೈಲಿನಿಂದ ಹೆಚ್ಚೆಂದರೆ ಮೂರು ಸರ್ವರ್ ಓದುತ್ತದೆ. ಮೊದಲನೆಯದು ಉತ್ತರಿಸದಿದ್ದರೆ 5 ಸೆಕೆಂಡು ಕಾದು ಎರಡನೆಯದನ್ನು ಕೇಳುತ್ತದೆ. ನನ್ನಿಂದ ಆಗದು ಎಂಬರ್ಥದ ಸರ್ವ್‌ಫೇಲ್ ಬಂದರೂ ಮುಂದಕ್ಕೆ ಹೋಗುತ್ತದೆ. ಆದರೆ “ಆ ಹೆಸರಿನವರು ಯಾರೂ ಇಲ್ಲ” ಎಂಬ ಉತ್ತರ, ಎನ್‌ಎಕ್ಸ್‌ಡೊಮೈನ್, ಬಂದರೆ ಅಲ್ಲಿಗೆ ಮುಗಿಯಿತು. ಅದು ಸೋಲಲ್ಲ, ಪೂರ್ತಿ ಉತ್ತರವೇ. ಇನ್ನೊಬ್ಬರನ್ನು ಕೇಳುವ ಮಾತೇ ಇಲ್ಲ.

ಗೂಗಲ್ಲಿನ ಡಿಎನ್ಎಸ್‌ಗೆ ನಮ್ಮ ಡಬ್ಬಿ ಯಾರೆಂದು ಗೊತ್ತಿರಲು ಸಾಧ್ಯವಿಲ್ಲ. ಕೇಳಿದರೆ ಅದು ಪ್ರಾಮಾಣಿಕವಾಗಿ ಇಲ್ಲ ಎನ್ನುತ್ತದೆ. ರೊಟೇಟ್ ಇದ್ದದ್ದರಿಂದ ಸಾಫ್ಟ್‌ವೇರಿನ ಪ್ರಶ್ನೆಗಳು ಕೆಲವು ಗುಂಟೂರಿಗೆ, ಕೆಲವು ಗೂಗಲ್ಲಿಗೆ ಹೋಗುತ್ತಿದ್ದವು. ಡಿಗ್ ಮಾತ್ರ ಪ್ರತಿ ಸಲವೂ ಮೊದಲನೆಯದನ್ನೇ ಕೇಳುತ್ತಿತ್ತು. ಆದ್ದರಿಂದಲೇ ನನ್ನ ಪರೀಕ್ಷೆ ಪಾಸು, ಅಂಗಡಿ ಫೇಲು. ಡಿಎನ್ಎಸ್ ಪ್ರಶ್ನೆಗಳು ಹೋಗುವ 53 ನೆಯ ಪೋರ್ಟಿಗೆ, ಟ್ರಾಫಿಕ್ ತೋರಿಸುವ ಟಿಸಿಪಿಡಂಪ್ ಹಚ್ಚಿ ಕೂತಾಗ ಇದು ಕಣ್ಣಿಗೇ ಬಿತ್ತು: ಒಂದು ಪ್ರಶ್ನೆ ಟನೆಲ್ ಒಳಗೆ, ಮುಂದಿನ ಪ್ರಶ್ನೆ ಇಂಟರ್‌ನೆಟ್ ಕಡೆಯ ಇಂಟರ್‌ಫೇಸ್‌ನಲ್ಲಿ (ನೆಟ್‌ವರ್ಕ್ ಬಾಗಿಲಲ್ಲಿ), ಬೆನ್ನಿಗೇ ಎನ್‌ಎಕ್ಸ್‌ಡೊಮೈನ್. ಅಂದಿನಿಂದ ಹೆಸರಿನ ಪರೀಕ್ಷೆಗೆ ಗೆಟ್‌ಎಂಟ್ ಎಂಬ ಆಜ್ಞೆ ಬಳಸುತ್ತೇನೆ. ಅದು ಸಾಫ್ಟ್‌ವೇರ್‌ಗಳು ನಡೆಯುವ ದಾರಿಯಲ್ಲೇ ನಡೆಯುತ್ತದೆ, ಮಷಿನ್ನಿನಲ್ಲೇ ಹೆಸರು-ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲನ್ನೂ ನೋಡುತ್ತದೆ. ಡಿಗ್ ಇದಾವುದನ್ನೂ ನೋಡದೆ ಸೀದಾ ಸರ್ವರನ್ನು ಕೇಳುತ್ತದೆ.

ರೊಟೇಟ್ ತೆಗೆದುಹಾಕಿ 8.8.8.8 ಅನ್ನು ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಅಳಿಯ ಕೇಳಿದ. ಉಳಿಸಿಕೊಂಡರೆ ಟನೆಲಿನಲ್ಲಿ ಒಂದು ಪ್ಯಾಕೆಟ್ ಕಳೆದುಹೋದಾಗಲೆಲ್ಲ 5 ಸೆಕೆಂಡು ತಡ, ಆಮೇಲೆ ಸುಳ್ಳು ಉತ್ತರ. ತಡವಾಗಿ ಬರುವ ಸುಳ್ಳು ಯಾರಿಗೆ ಬೇಕು?

ತಿಜೋರಿಯ ಒಳಗೆ ಕೀಲಿಕೈ

8.8.8.8 ತೆಗೆದು, ಗುಂಟೂರು ಒಂದನ್ನೇ ಇಟ್ಟು, ಫೈಲಿಗೆ ಮತ್ತೆ ಬೀಗ ಹಾಕಿದೆ. ಹನ್ನೊಂದು ದಿನ ಯಾವ ಸದ್ದೂ ಇಲ್ಲ. ಸಾಹುಕಾರರು ಲೈನ್ ಬಜಾರಿನ ಪೇಢೆ ತರಿಸಿ ಕಳಿಸಿದರು. ನಾನೂ ತಿಂದೆ.

ಹನ್ನೆರಡನೆಯ ರಾತ್ರಿ ಕರ್ನಲ್ ಅಪ್‌ಡೇಟಿನ ಸಲುವಾಗಿ ಕ್ಲೌಡ್ ಮಷಿನ್ ತಾನಾಗಿಯೇ ರೀಬೂಟ್ ಆಯಿತು. ಬೆಳಗಾದರೆ ಗುರುವಾರ. ಟನೆಲ್ ಇಲ್ಲ, ತೂಕ ಇಲ್ಲ, ಎಸ್ಎಂಎಸ್ ಇಲ್ಲ, ಇ-ಇನ್‌ವಾಯ್ಸ್ ಇಲ್ಲ. ಐಕಾನ್ ಎಷ್ಟು ಒತ್ತಿದರೂ ಇಲ್ಲ. ಲಾಗ್ ತುಂಬ ಒಂದೇ ಸಾಲು: ಹೆಸರು ಬಿಡಿಸಲು (ಅದರ ವಿಳಾಸ ತಿಳಿಯಲು) ಸದ್ಯಕ್ಕೆ ಆಗುತ್ತಿಲ್ಲ, 1.00 ಸೆಕೆಂಡಿನ ನಂತರ ಮತ್ತೆ ಯತ್ನ. ಮುಂದೆ 1.20, ಆಮೇಲೆ 1.44. ಬೆಳತನಕ ಹೀಗೆಯೇ.

ಗೋಕುಲ ರೋಡಿನ ಆಫೀಸಿನ ಇಂಟರ್‌ನೆಟ್ ವಿಳಾಸ ಆಗಾಗ ಬದಲಾಗುತ್ತದೆ. ಕರೆಂಟು ಹೋಗಿ ಬಂದರೆ ಸಾಕು, ಹೊಸ ವಿಳಾಸ. ಹಾಗಾಗಿ ವೈರ್‌ಗಾರ್ಡಿನ ಎಂಡ್‌ಪಾಯಿಂಟ್ (ಟನೆಲಿನ ಆಚೆ ತುದಿಯ ವಿಳಾಸ) ಜಾಗದಲ್ಲಿ ನಾನು ಅಂಕಿಗಳ ಬದಲು ಒಂದು ಡೈನಮಿಕ್ ಡಿಎನ್ಎಸ್ ಹೆಸರು, ವಿಳಾಸ ಬದಲಾದಂತೆ ತಾನೂ ಹೊಸದನ್ನು ತೋರಿಸುವಂಥದ್ದು, ಕೊಟ್ಟಿದ್ದೆ. ಈಗ ಲೆಕ್ಕ ಹಾಕಿ. ಟನೆಲ್ ಏಳಬೇಕಾದರೆ ಆ ಹೆಸರಿನ ವಿಳಾಸ ಗೊತ್ತಾಗಬೇಕು. ವಿಳಾಸ ಕೇಳಬೇಕಾದ ಏಕೈಕ ಸರ್ವರ್ ಗುಂಟೂರು. ಗುಂಟೂರು ಇರುವುದು ಟನೆಲಿನ ಆಚೆ. ಕೀಲಿಕೈಯನ್ನು ತಿಜೋರಿಯೊಳಗೆ ಇಟ್ಟು ಬಾಗಿಲು ಎಳೆದುಕೊಂಡಿದ್ದೆ. ಬೀಗ ಹಾಕುವ ಮೊದಲು ಡಿಎಚ್‌ಕ್ಲೈಂಟ್ ಬರೆಯುತ್ತಿದ್ದ ಕ್ಲೌಡ್ ವಿಳಾಸವೇ ಪ್ರತಿ ರೀಬೂಟಿನಲ್ಲೂ ನಮ್ಮನ್ನು ಕಾಯುತ್ತಿತ್ತು. ಅದನ್ನೇ ಶತ್ರು ಎಂದುಕೊಂಡು ಹೊರಹಾಕಿದ್ದೆ.

ಹೊರಗಿನ ಹೆಸರುಗಳೂ ನಿಂತದ್ದು ಇದೇ ಕಾರಣಕ್ಕೆ. ಎಸ್ಎಂಎಸ್ ಕಳಿಸಲು ಬ್ಯಾಡಗಿಯ ವಿಪಿಎನ್ ಯಾಕೆ ಬೇಕು? ಬೇಕಿಲ್ಲ. ಎಲ್ಲ ಪ್ರಶ್ನೆಗಳನ್ನೂ ಒಂದೇ ಕಿವಿಗೆ ಕಟ್ಟಿದ್ದರಿಂದ, ಆ ಕಿವಿ ಮುಚ್ಚಿದಾಗ ಎಲ್ಲವೂ ನಿಂತವು.

ಸಾಹುಕಾರರು ಅಂದು ಬೈಯಲಿಲ್ಲ. “ಇಂಜಿನಿಯರ್ರ, ಇದು ಒಮ್ಮೆಗೆ ಮುಗಿಯೂ ಹಂಗ ಮಾಡ್ರಿ” ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಕಟ್ಟಿದ ಹೊಸ ವ್ಯವಸ್ಥೆ

ಹಳೆಯ ಮಷಿನ್ನಿಗೆ ತೇಪೆ ಹಾಕುವುದನ್ನು ಬಿಟ್ಟು ಉಬುಂಟು 22.04 ರ ಹೊಸ ಮಷಿನ್ ತೆಗೆದುಕೊಂಡೆ. ಅದರಲ್ಲಿ ಸಿಸ್ಟಮ್‌ಡಿ ರಿಸಾಲ್ವ್ಡ್ ಎಂಬ, ಮಷಿನ್ನಿನ ಡಿಎನ್ಎಸ್ ಪ್ರಶ್ನೆಗಳನ್ನೆಲ್ಲ ನಡುವೆ ನಿಂತು ಹಂಚುವ ಸೇವೆ ಮೊದಲಿನಿಂದಲೇ ಇರುತ್ತದೆ. ರಿಸಾಲ್ವ್‌ಕಾನ್ಫ್ ಅಲ್ಲಿ ನಿಜವಾದ ಫೈಲಲ್ಲ, ಬರೀ ಒಂದು ಕೊಂಡಿ. ಅದರೊಳಗೆ 127.0.0.53 ಎಂಬ ಒಂದೇ ವಿಳಾಸ. ಎಲ್ಲ ಸಾಫ್ಟ್‌ವೇರ್‌ಗಳೂ ಅದನ್ನೇ ಕೇಳುತ್ತವೆ. ಡಿಎಚ್‌ಸಿಪಿ ತನಗೆ ಸಿಕ್ಕ ವಿಳಾಸವನ್ನು, ವಿಪಿಎನ್ ತನ್ನ ವಿಳಾಸವನ್ನು ರಿಸಾಲ್ವ್ಡ್‌ಗೆ ಒಪ್ಪಿಸಿ ಸುಮ್ಮನಾಗಬೇಕು. ಫೈಲನ್ನು ಮುಟ್ಟುವ ಹಕ್ಕು ಯಾರಿಗೂ ಇಲ್ಲ.

ಯಾವ ಪ್ರಶ್ನೆ ಯಾರಿಗೆ ಎಂಬುದನ್ನು ರಿಸಾಲ್ವ್ಡ್ ಹೆಸರಿನ ಬಾಲ ನೋಡಿ ತೀರ್ಮಾನಿಸುತ್ತದೆ. ಟನೆಲ್ ಎದ್ದ ಮೇಲೆ ರಿಸಾಲ್ವ್ಡ್‌ಗೆ ಅದರ ಆಜ್ಞೆಯಾದ ರಿಸಾಲ್ವ್‌ಸಿಟಿಎಲ್‌ನಿಂದ ಎರಡು ಮಾತು ಹೇಳಿಸಿದೆ: ಈ ಇಂಟರ್‌ಫೇಸಿನ ಡಿಎನ್ಎಸ್ ವಿಳಾಸ ಇದು, ಮತ್ತು ಈ ದಾರಿಗೆ ಕಳಿಸಬೇಕಾದ ಹೆಸರುಗಳು ಮಂಡಿ.ಇಂಟರ್ನಲ್ ಎಂದು ಮುಗಿಯುವವು ಮಾತ್ರ. ಹೆಸರಿನ ಮುಂದೆ ಅಲೆಯ ಗುರುತು, ಟಿಲ್ಡೆ, ಹಾಕುವುದನ್ನು ಮರೆಯಬಾರದು. ಅದಿದ್ದರೆ ಆ ಹೆಸರು ಬರೀ ದಾರಿ ತೋರಿಸಲಿಕ್ಕೆ ಎಂದು ರಿಸಾಲ್ವ್ಡ್‌ಗೆ ತಿಳಿಯುತ್ತದೆ. ಉಳಿದ ಪ್ರಶ್ನೆಗಳೆಲ್ಲ ಕ್ಲೌಡ್ ಕೊಟ್ಟ ಸರ್ವರಿಗೇ ಹೋಗುತ್ತವೆ. ವೈರ್‌ಗಾರ್ಡಿನ ಡಿಎನ್ಎಸ್ ಸಾಲನ್ನು ಇಲ್ಲಿಯೂ ಬಳಸಲಿಲ್ಲ. ಅದು ಎಲ್ಲ ಪ್ರಶ್ನೆಗಳೂ ನನಗೇ ಬರಲಿ ಎಂದು ಕೇಳಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಸರಿ, ಸರ್ವರಿಗೆ ಬೇಡ.

ಒಳಗಿನ ಹೆಸರನ್ನೂ ಬದಲಿಸಿದೆ. ಮೊದಲು ಮಂಡಿ.ಲೋಕಲ್ ಎಂದಿತ್ತು. ಲೋಕಲ್ ಎಂಬ ಬಾಲ 2013 ರಿಂದ ಎಂಡಿಎನ್ಎಸ್‌ಗೆ (ಸರ್ವರ್ ಇಲ್ಲದೆ ಒಂದೇ ಜಾಲದ ಮಷಿನ್‌ಗಳು ಹೆಸರು ಕೇಳಿಕೊಳ್ಳುವ ಪದ್ಧತಿಗೆ) ಮೀಸಲು, ಅದನ್ನು ಇಟ್ಟುಕೊಂಡರೆ ಒಂದಲ್ಲ ಒಂದು ಕಡೆ ತಕರಾರು ಬರುತ್ತದೆ. ಖಾಸಗಿ ಬಳಕೆಗೆಂದು, ಇಂಟರ್‌ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ 2024 ರಲ್ಲಿ ಇಂಟರ್ನಲ್ ಎಂಬುದನ್ನು ಕಾದಿರಿಸಿತು. ಆದರೆ ಇಂಟರ್ನಲ್ ಎಂಬ ಬಾಲವನ್ನು ಪೂರ್ತಿಯಾಗಿ ವಿಪಿಎನ್ ಕಡೆ ತಿರುಗಿಸಲು ಹೋಗಬೇಡಿ. ಅಮೆಜಾನ್, ಗೂಗಲ್ ಎರಡೂ ತಮ್ಮ ಮಷಿನ್‌ಗಳ ಒಳಹೆಸರಿಗೆ ಅದೇ ಬಾಲ ಬಳಸುತ್ತವೆ. ಮುಂದೆ ಮಂಡಿ ಸೇರಿದ ಹೆಸರಷ್ಟೇ ನಮ್ಮದು.

ಕ್ಲೌಡಿನ ಡಿಎನ್ಎಸ್ ವಿಳಾಸಗಳ ಬಗ್ಗೆ ಒಂದು ಮಾತು. ಅಮೆಜಾನ್‌ನಲ್ಲಿ 169.254.169.253, ಗೂಗಲ್‌ನಲ್ಲಿ 169.254.169.254, ಅಝೂರ್‌ನಲ್ಲಿ 168.63.129.16. ಇವು ಆ ಕ್ಲೌಡಿನೊಳಗೆ ನಿಂತು ಕೇಳಿದರೆ ಮಾತ್ರ ಉತ್ತರಿಸುತ್ತವೆ. ಎಲ್ಲ ಟ್ರಾಫಿಕ್ಕನ್ನೂ ಟನೆಲಿಗೆ ತಿರುಗಿಸುವವರು ಈ ಪ್ರಶ್ನೆಗಳನ್ನೂ ಗೋಕುಲ ರೋಡಿಗೆ ಕಳಿಸಿ, ಅಲ್ಲಿ ಯಾರೂ ಉತ್ತರ ಕೊಡುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುತ್ತಾರೆ. ನಾವು ಒಳಗಿನ ವಿಳಾಸಗಳನ್ನಷ್ಟೇ ಟನೆಲಿಗೆ ಬಿಟ್ಟಿದ್ದೇವೆ.

ಆಮೇಲೆ ಗುಂಟೂರನ್ನು ನಡುಗಂಬದ ಕೆಲಸದಿಂದ ಇಳಿಸಿದೆ. ಅದೇ ಕ್ಲೌಡಿನಲ್ಲಿ ಎಲ್ಲಕ್ಕಿಂತ ಸಣ್ಣ ಅಳತೆಯ ಇನ್ನೊಂದು ಮಷಿನ್ ತೆಗೆದು, ಸ್ಥಿರ ವಿಳಾಸ ಕೊಟ್ಟು, ವೈರ್‌ಗಾರ್ಡಿನ ನಡುಗಂಬ ಅದೇ ಎಂದು ಮಾಡಿದೆ. ಬಿಲ್ಲಿನ ಮಷಿನ್ನಿನಲ್ಲಿ ಎಂಡ್‌ಪಾಯಿಂಟ್ ಜಾಗದಲ್ಲಿ ಈಗ ಹೆಸರಿಲ್ಲ, ಅಂಕಿಗಳಿವೆ. ಟನೆಲ್ ಏಳಲು ಡಿಎನ್ಎಸ್ ಬೇಕೇ ಇಲ್ಲ. ಡಬ್ಬಿ, ಕಡ್ಡಿ, ಗುಂಟೂರು ಮೂರೂ ಹೊರಗಿನಿಂದ ತಾವಾಗಿ ಅದಕ್ಕೆ ಕರೆ ಹಚ್ಚುತ್ತವೆ, 25 ಸೆಕೆಂಡಿಗೊಮ್ಮೆ ಕೆಮ್ಮಿ ತಾವಿದ್ದೇವೆಂದು ತಿಳಿಸುತ್ತವೆ. ಆಫೀಸಿನ ವಿಳಾಸ ಬದಲಾದರೆ ವೈರ್‌ಗಾರ್ಡ್ ಹೊಸ ವಿಳಾಸದಿಂದ ಬಂದ ಪ್ಯಾಕೆಟ್ ನೋಡಿ ತಾನೇ ತಿದ್ದಿಕೊಳ್ಳುತ್ತದೆ. ಮೊದಲಿನ ವ್ಯವಸ್ಥೆಯಲ್ಲಿ ಈ ಸುಖ ಇರಲಿಲ್ಲ. ಎಂಡ್‌ಪಾಯಿಂಟ್ ಹೆಸರನ್ನು ವೈರ್‌ಗಾರ್ಡ್ ಶುರುವಿನಲ್ಲಿ ಒಮ್ಮೆ ಮಾತ್ರ ಬಿಡಿಸುತ್ತದೆ. ಕರ್ನಲ್ ಇಟ್ಟುಕೊಳ್ಳುವುದು ಬರೀ ಅಂಕಿ.

ಒಳಗಿನ ಹೆಸರುಗಳಿಗೆ ವಿಳಾಸ ಹೇಳುವ ಕೆಲಸವೂ ಈಗ ಸಣ್ಣ ಮಷಿನ್ನಿನದೇ. ಅದರ ಮೇಲೆ ಡಿಎನ್ಎಸ್‌ಮಾಸ್ಕ್ ಎಂಬ ಪುಟ್ಟ ಡಿಎನ್ಎಸ್ ಸರ್ವರ್ ಕೂರಿಸುವಾಗ 53 ನೆಯ ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂದು ಜಗಳವಾಯಿತು. ರಿಸಾಲ್ವ್ಡ್ ಅಲ್ಲಿ ಮೊದಲೇ ಕೂತಿತ್ತು. ಟನೆಲಿನ ವಿಳಾಸದ ಮೇಲೆ ಮಾತ್ರ ಕಿವಿಕೊಡು ಎಂದು ಹೇಳಿ, ಬೈಂಡ್-ಡೈನಮಿಕ್ ಆಯ್ಕೆ ಹಾಕಿದ ಮೇಲೆ ಇಬ್ಬರೂ ರಾಜಿಯಾದರು.

ಅಳಿಯನ ಹಳೆಯ ಪ್ರಶ್ನೆ ಉಳಿದಿತ್ತು: ಈ ಸಣ್ಣ ಮಷಿನ್ ಬಿದ್ದರೆ? ಬಿದ್ದರೆ ಡಬ್ಬಿಯ ಹೆಸರು ಬಿಡಿಸಲಾಗದು, ನಿಜ. ಆದರೆ ಡಬ್ಬಿಗೆ ಹೋಗುವ ದಾರಿಯೂ ಅದೇ ಮಷಿನ್ನಿನ ಮೂಲಕವೇ. ದಾರಿ ಮುಚ್ಚಿದಾಗ ವಿಳಾಸವೊಂದು ಗೊತ್ತಿದ್ದು ಏನು ಮಾಡುವುದು? ಒಳಗಿನ ಹೆಸರಿಗೆ ಎರಡನೆಯ ಸರ್ವರ್ ಇಡಬೇಕಾದರೆ ಎರಡನೆಯ ದಾರಿಯನ್ನೂ ಕಟ್ಟಬೇಕು, ಈ ಅಂಗಡಿಗೆ ಅಷ್ಟು ಖರ್ಚು ಬೇಕಿಲ್ಲ. ಎಸ್ಎಂಎಸ್, ಇ-ಇನ್‌ವಾಯ್ಸ್ ಮಾತ್ರ ಆಗಲೂ ನಡೆಯುತ್ತವೆ, ಅವುಗಳ ಪ್ರಶ್ನೆ ಬೇರೆ ದಾರಿಯಲ್ಲಿದೆ.

ಸಾಹುಕಾರರು ಕೇಳಿದ್ದು ಬೇರೆಯೇ. “ಹನ್ನೊಂದ ಹೆಸರಿಗೆ ಇಷ್ಟೆಲ್ಲಾ ಯಾಕ್ರಿ? ಒಂದ್ ಕಾಗದದಾಗ ಬರದ್ ಇಡಾಕ ಬರೂದಿಲ್ಲನು?” ಬರುತ್ತದೆ. ಆ ಕಾಗದಕ್ಕೆ ಹೋಸ್ಟ್ಸ್ ಫೈಲ್ ಎನ್ನುತ್ತಾರೆ. ಬಿಲ್ಲಿನ ಮಷಿನ್ ಒಂದೇ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅಂಗಡಿಗಳ ಕಂಪ್ಯೂಟರ್, ಸಾಹುಕಾರರ ಮೊಬೈಲು, ಮನೆಯ ಲ್ಯಾಪ್‌ಟಾಪು ಎಲ್ಲಕ್ಕೂ ಈ ಹೆಸರುಗಳು ಬೇಕಾದ್ದರಿಂದ ಕಾಗದ ಒಂದೇ ಕಡೆ ಇರಲಿ ಎಂದೆ.

ವೈರ್‌ಗಾರ್ಡ್ ಮೇಲೆಯೇ ಕಟ್ಟಿದ ಟೇಲ್‌ಸ್ಕೇಲ್ ಎಂಬ ಸಿದ್ಧ ವಿಪಿಎನ್ ಹಾಕಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಹಾಕಬಹುದಿತ್ತು. 100.100.100.100 ಎಂಬ ತನ್ನ ವಿಳಾಸದಿಂದ ಅದು ಇದೇ ಹಂಚಿಕೆಯನ್ನು ಮಾಡುತ್ತದೆ, ರಿಸಾಲ್ವ್ಡ್ ಇದ್ದರೆ ಅದರ ಕೈಗೇ ಒಪ್ಪಿಸುತ್ತದೆ. ರಿಸಾಲ್ವ್ಡ್ ಇಲ್ಲದ ಹಳೆಯ ಮಷಿನ್‌ಗಳಲ್ಲಿ ಅದೂ ಫೈಲಿನ ಮೇಲೆ ಬರೆಯಲು ಹೋಗಿ ಡಿಎಚ್‌ಕ್ಲೈಂಟ್ ಜೊತೆ ಗುದ್ದಾಡಬಹುದು. ಜಾಗ ಬದಲಾಗುತ್ತದೆ, ಜಗಳ ಅದೇ.

ಒಪ್ಪಿಸುವ ಮುಂಚೆ ಒಂದು ಭಾನುವಾರ ಪೂರ್ತಿ ಎಲ್ಲವನ್ನೂ ಬೇಕೆಂದೇ ಕೆಡಿಸಿ ನೋಡಿದೆವು. ಎರಡೂ ಕ್ಲೌಡ್ ಮಷಿನ್‌ಗಳನ್ನು ಮೂರು ಸಲ ರೀಬೂಟ್ ಮಾಡಿದೆವು, ಒಮ್ಮೆ ಒಟ್ಟಿಗೆ, ಎರಡು ಸಲ ಹಿಂದೆ ಮುಂದೆ. ಅಳಿಯ ಗೋಕುಲ ರೋಡಿನಲ್ಲಿ ಕೂತು ರೌಟರಿನ ಪ್ಲಗ್ ಕಿತ್ತು ಹಾಕಿದ. ಹೊಸ ವಿಳಾಸ ಬಂದು ಟನೆಲ್ ತಾನಾಗಿಯೇ ಕೂಡಿಕೊಂಡಿತು. ಡಿಎಚ್‌ಸಿಪಿ ನವೀಕರಣವನ್ನು ಒತ್ತಾಯದಿಂದ ಮಾಡಿಸಿದೆ. ಸಣ್ಣ ಮಷಿನ್ ನಿಲ್ಲಿಸಿ, ಹೊರಗಿನ ಹೆಸರುಗಳ ವಿಳಾಸಗಳು ತಡವಿಲ್ಲದೆ ಸಿಗುತ್ತಿವೆಯೇ ಎಂದು ಗೆಟ್‌ಎಂಟ್‌ನಿಂದ ನೋಡಿದೆ. ಸಿಗುತ್ತಿದ್ದವು. ಒಳಗಿನ ಹೆಸರು ಕೇಳಿದರೆ ಸ್ವಲ್ಪ ಕಾದು ಸೋಲುತ್ತಿತ್ತು. ಸುಳ್ಳು ಉತ್ತರ ಎಲ್ಲೂ ಬರಲಿಲ್ಲ.

ಮರುದಿನ ಸೋಮವಾರ. ಹತ್ತು ಗಂಟೆಗೆ ಫೋನು ಬಂತು, ಕಾಕಾ. ಎದೆ ಧಸಕ್ಕೆಂದಿತು. “ಸರ, ಏನೂ ಆಗಿಲ್ರಿ. ಆ ಐಕಾನ್ ಕಾಣವಲ್ದು, ತಗದ್ರೇನು?” ಹೌದು ಕಾಕಾ, ತೆಗೆದೆ ಅಂದೆ. ಅದಿಲ್ಲದೆ ಧೈರ್ಯ ಸಾಲುತ್ತಿಲ್ಲವಂತೆ, ವಾಪಸ್ ಇಡಬೇಕಂತೆ. ಇಟ್ಟುಕೊಟ್ಟೆ. ಈಗ ಅದನ್ನು ಒತ್ತಿದರೆ ಏನೂ ರೀಸ್ಟಾರ್ಟ್ ಆಗುವುದಿಲ್ಲ, ಒತ್ತಿದ ಹೊತ್ತನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ.